ಫೈಲ್ ಹೆಸರು ‘ಕೆಎನ್’ ಸಾಕೇ, ‘ಕೆಎನ್-ಐಎನ್’ ಬೇಕೇ?

ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಶುರುವಾಯಿತೆಂದರೆ ನನಗೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ: “ಸರ್, ಆಪ್‌ಗೆ ಕನ್ನಡ ಹಾಕ್ತಿದೀವಿ. ಫೈಲ್‌ಗೆ ಕೆಎನ್ ಅಂತ ಹೆಸರಿಡೋದಾ, ಕೆಎನ್-ಐಎನ್ ಅಂತಾನಾ? ನಡುವೆ ಹೈಫನ್ನಾ, ಅಂಡರ್‌ಸ್ಕೋರಾ?” ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರು ಇದಕ್ಕೆ ಇನ್ನೊಂದು ಸೇರಿಸುತ್ತಾರೆ: “ನಮ್ಮಲ್ಲಿ ತೆಲುಗೂ ಬೇಕು.” ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಕನ್ನಡಕ್ಕೆ ಕೆಎನ್ ಸಾಕು, ಕೊನೆಗೆ ಐಎನ್ ಎಂಬ ದೇಶದ ಬಾಲ ಬೇಡ. ಇಂಗ್ಲಿಷ್‌ನಲ್ಲಿ ಸಂಖ್ಯೆ, ತಾರೀಖು ಬರೆಸುವಾಗ ಮಾತ್ರ ಆ ಬಾಲ ಬೇಕಾಗುತ್ತದೆ. ಇನ್ನು ನಮ್ಮ ಮೂರು ಜಿಲ್ಲೆಗಳಲ್ಲಿ ಜನ ಎಡವುವುದು ಹೆಚ್ಚಾಗಿ ಲಿಪಿಯ ವಿಷಯದಲ್ಲಿ. 4ನೇ ಹಂತವನ್ನು ಮಾತ್ರ ಬಿಟ್ಟು ಹೋಗಬೇಡಿ.

ಓದುವ ಮುಂಚೆ ಎರಡು ಮಾತು. ಇಲ್ಲಿ ಇಂಗ್ಲಿಷ್ ಅಕ್ಷರಗಳ ಕೋಡ್‌ಗಳನ್ನು ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಕೆಎನ್ ಎಂದಿದ್ದರೆ ಫೈಲಿನಲ್ಲಿ ನೀವು ಟೈಪ್ ಮಾಡುವುದು ಇಂಗ್ಲಿಷಿನ ಕೆ ಮತ್ತು ಎನ್ ಎಂಬ ಎರಡು ಅಕ್ಷರ. ಯಾವುದು ಚಿಕ್ಕಕ್ಷರ, ಯಾವುದು ದೊಡ್ಡಕ್ಷರ ಎಂಬುದು 6ನೇ ಹಂತದಲ್ಲಿದೆ. ಎರಡನೆಯದು, ಲೊಕೇಲ್ ಎಂದರೇನು ಎಂಬುದು: ಬಳಕೆದಾರರ ಭಾಷೆ ಯಾವುದು, ಅದನ್ನು ಯಾವ ಲಿಪಿಯಲ್ಲಿ ಓದುತ್ತಾರೆ, ಯಾವ ದೇಶದ ಪದ್ಧತಿಯಂತೆ ತಾರೀಖು, ದುಡ್ಡು ಬರೆಯುತ್ತಾರೆ ಎಂಬುದನ್ನು ಒಂದೇ ಗುರುತಿನಲ್ಲಿ ಹೇಳುವುದು. ಆ ಗುರುತನ್ನು ಹೆಸರಾಗಿ ಹೊತ್ತುಕೊಂಡು, ಆಪ್‌ನಲ್ಲಿ ಕಾಣುವ ಸಾಲುಗಳ ಅನುವಾದ ತುಂಬಿಕೊಂಡಿರುವ ಫೈಲೇ ಲೊಕೇಲ್ ಫೈಲ್.

ಉದಾಹರಣೆಗೆ ಉದ್ದಕ್ಕೂ ಒಂದೇ ಆಪ್ ಇಟ್ಟುಕೊಳ್ಳೋಣ. ಕೋಲಾರದ ಎಪಿಎಂಸಿಯಲ್ಲಿ ಆ ದಿನದ ಟೊಮೆಟೊ ರೇಟು ಎಷ್ಟು, 15 ಕೆಜಿ ಬಾಕ್ಸ್ ಎಷ್ಟಕ್ಕೆ ಹರಾಜಾಯಿತು ಎಂದು ತೋರಿಸುವ ಆಪ್ ಅಂದುಕೊಳ್ಳಿ.

1. ಯಾರು ಓದುತ್ತಾರೆ ಎಂದು ಬರೆದುಕೊಳ್ಳಿ

ಕೋಡ್ ಹುಡುಕುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಆಪ್ ಬಳಸುವವರು ಯಾರು, ಅವರು ಮಾತಾಡುವ ಭಾಷೆ ಯಾವುದು, ಓದಲು ಬರುವ ಲಿಪಿ ಯಾವುದು ಎಂದು ಮೂರು ಕಾಲಂ ಮಾಡಿ. ನಮ್ಮ ಟೊಮೆಟೊ ಆಪ್‌ಗೆ ಕನ್ನಡ ಓದುವ ರೈತರಿದ್ದಾರೆ. ಮನೆಯಲ್ಲಿ ತೆಲುಗಾಡುವ ಮುಳಬಾಗಿಲು, ಶ್ರೀನಿವಾಸಪುರದವರಿದ್ದಾರೆ. ಕೆಜಿಎಫ್ ಕಡೆಯ ತಮಿಳರು, ಉರ್ದು ಮಾತಾಡುವ ಮಂಡಿಯವರು, ಹೊರರಾಜ್ಯದಿಂದ ಕೊಳ್ಳಲು ಬರುವ ವ್ಯಾಪಾರಿಗಳು ಇದ್ದಾರೆ. ಎರಡನೇ ಕಾಲಂಗೂ ಮೂರನೇ ಕಾಲಂಗೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಒಂದು ಗುರುತು ಹಾಕಿ ಬಿಡಿ, ಆಮೇಲೆ ಬೇಕಾಗುತ್ತದೆ.

2. ಕೋಡನ್ನು ಪಟ್ಟಿಯಿಂದ ತೆಗೆಯಿರಿ, ಊಹಿಸಬೇಡಿ

ಭಾಷೆಗಳ ಕೋಡ್ ಐಎಸ್‌ಒ 639 ಎಂಬ ಮಾನಕದಲ್ಲಿದೆ, ದೇಶಗಳದು ಐಎಸ್‌ಒ 3166ರಲ್ಲಿ, ಲಿಪಿಗಳದು ಐಎಸ್‌ಒ 15924ರಲ್ಲಿ. ಮೂರನ್ನೂ ಜೋಡಿಸುವ ವ್ಯಾಕರಣಕ್ಕೆ ಬಿಸಿಪಿ 47 ಎಂದು ಹೆಸರು. 2009ರಲ್ಲಿ ಬಂದ ಆರ್‌ಎಫ್‌ಸಿ 5646 ಅದರ ಮುಖ್ಯ ಭಾಗ. ಇಷ್ಟನ್ನೂ ಓದಬೇಕಿಲ್ಲ. ಇಂಟರ್ನೆಟ್‌ನ ಸಂಕೇತಗಳ ಪಟ್ಟಿ ನೋಡಿಕೊಳ್ಳುವ ಐಯಾನಾ ಸಂಸ್ಥೆ ಇಡುವ ಭಾಷಾ ಸಬ್‌ಟ್ಯಾಗ್ (ಗುರುತಿನ ಒಂದೊಂದು ತುಂಡು) ಪಟ್ಟಿಯೊಂದರಲ್ಲೇ ಮೂರೂ ಬಗೆಯ ಕೋಡ್ ಸಿಗುತ್ತದೆ, ಅದನ್ನು ತೆರೆದು ಹುಡುಕಿದರೆ ಆಯಿತು.

ನಮಗೆ ಬೇಕಾದವು ಇವು: ಕನ್ನಡ ಕೆಎನ್, ತೆಲುಗು ಟಿಇ, ತಮಿಳು ಟಿಎ, ಉರ್ದು ಯುಆರ್, ಹಿಂದಿ ಎಚ್‌ಐ, ಇಂಗ್ಲಿಷ್ ಇಎನ್. ಭಾರತ ಐಎನ್.

ನಾನು ಅತಿ ಹೆಚ್ಚು ಕಂಡಿರುವ ತಪ್ಪು ಕನ್ನಡಕ್ಕೆ ಕೆಎ ಎಂದು ಬರೆಯುವುದು. ಕೆಎ 06, ಕೆಎ 07, ಕೆಎ 40 ಎಂಬ ಗಾಡಿ ನಂಬರ್ ನೋಡಿ ನೋಡಿ ಕಣ್ಣಿಗೆ ಅಭ್ಯಾಸವಾಗಿರುತ್ತದೆ. ಆದರೆ ಭಾಷೆಯ ಜಾಗದಲ್ಲಿ ಕೆಎ ಎಂದರೆ ಜಾರ್ಜಿಯನ್. ಆಪ್‌ನಲ್ಲಿ ಕನ್ನಡ ಸಾಲುಗಳು ಸರಿಯಾಗಿಯೇ ಕಾಣುವುದರಿಂದ ತಪ್ಪು ಬೇಗ ಗೊತ್ತಾಗುವುದಿಲ್ಲ. ತಿಂಗಳ ಹೆಸರು ಬರುವ ಜಾಗದಲ್ಲಿ ಮಾತ್ರ ಯಾವುದೋ ದುಂಡು ಲಿಪಿ ಬಂದು ಕೂತಿರುತ್ತದೆ. ನಾನೂ ಒಮ್ಮೆ ಇದನ್ನು ಫಾಂಟಿನ ತೊಂದರೆ ಎಂದುಕೊಂಡು ಒಂದು ಮಧ್ಯಾಹ್ನವನ್ನೇ ಕಳೆದಿದ್ದೇನೆ.

ಹಿಂದುಮುಂದಾದರೂ ಕಷ್ಟ. ದೇಶದ ಜಾಗದಲ್ಲಿ ಕೆಎನ್ ಎಂದರೆ ಕೆರಿಬಿಯನ್ ಸಮುದ್ರದ ಸೇಂಟ್ ಕಿಟ್ಸ್ ಮತ್ತು ನೆವಿಸ್. ಭಾಷೆಯ ಜಾಗದಲ್ಲಿ ಐಎನ್ ಎಂಬುದು ಇಂಡೋನೇಷ್ಯಾ ಭಾಷೆಯ ಹಳೆಯ ಕೋಡ್, ಈಗ ಅದು ಐಡಿ. ಅಲ್ಲಿಗೆ ಯಾರಾದರೂ ‘ಐಎನ್-ಕೆಎನ್’ ಎಂದು ಬರೆದರೆ ಅದರ ಅರ್ಥ ಸೇಂಟ್ ಕಿಟ್ಸ್‌ನಲ್ಲಿ ಆಡುವ ಇಂಡೋನೇಷ್ಯಾದ ಭಾಷೆ! ಬ್ರಿಟನ್ನಿನ ದೇಶದ ಕೋಡ್ ಜಿಬಿ. ಯುಕೆ ಎಂಬುದು ಭಾಷೆಯ ಜಾಗದಲ್ಲಿ ಬಂದರೆ ಉಕ್ರೇನಿಯನ್.

ಎಲ್ಲ ಭಾಷೆಗೂ ಎರಡಕ್ಷರದ ಕೋಡ್ ಇರುವುದಿಲ್ಲ. ತುಳುವಿಗೆ ಟಿಸಿವೈ, ಕೊಡವಕ್ಕೆ ಕೆಎಫ್‌ಎ, ಲಂಬಾಣಿಗೆ ಎಲ್‌ಎಂಎನ್, ಎಲ್ಲವೂ ಮೂರಕ್ಷರದವು. ಹೆಸರು ಸರಿಯಿದೆಯೇ ಎಂದು ತಪಾಸಣೆ ಮಾಡುವ ಪ್ರೋಗ್ರಾಂನಲ್ಲಿ ‘ಎರಡೇ ಅಕ್ಷರ’ ಎಂದು ಬಿಗಿ ಹಾಕಿದ್ದರೆ, ನಾಳೆ ತಾಂಡಾದ ಹುಡುಗರಿಗಾಗಿ ಲಂಬಾಣಿ ಸೇರಿಸಲು ಹೋದಾಗ ನಿಮ್ಮದೇ ಪ್ರೋಗ್ರಾಂ ಬೇಡವೆನ್ನುತ್ತದೆ. ಎರಡಕ್ಷರದ ಕೋಡ್ ಇರುವ ಭಾಷೆಗೆ ಮಾತ್ರ ಅದನ್ನೇ ಬಳಸಬೇಕು. ಕನ್ನಡಕ್ಕೆ ಕೆಎಎನ್ ಎಂಬ ಮೂರಕ್ಷರದ ಕೋಡೂ ಇದೆ, ಆದರೆ ಬಿಸಿಪಿ 47ರ ಪ್ರಕಾರ ಚಿಕ್ಕದಕ್ಕೇ ಮೊದಲ ಮಣೆ.

“ಕೋಡ್ ಯಾಕೆ, ನೇರವಾಗಿ ಕನ್ನಡ ಅಂತಲೇ ಫೈಲಿಗೆ ಹೆಸರಿಡಬಾರದೇ?” ಎನ್ನುವವರಿದ್ದಾರೆ. ಹೆಸರು ಬದಲಾಗುತ್ತದೆ, ಕೋಡ್ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ. 2011ರಲ್ಲಿ ಒರಿಯಾ ಹೋಗಿ ಒಡಿಯಾ ಆಯಿತು, ಕೋಡ್ ಇಂದಿಗೂ ಒಆರ್. ನಮ್ಮೂರಿನ ಇಂಗ್ಲಿಷ್ ಹೆಸರೂ 2014ರಲ್ಲಿ ಬದಲಾದದ್ದು ನಿಮಗೆ ನೆನಪಿರಬೇಕು.

ಇನ್ನು ಫೈಲಿನ ಹೆಸರನ್ನು ಕನ್ನಡ ಲಿಪಿಯಲ್ಲೇ ಇಡುವ ಆಸೆ. ಆಸೆ ಒಳ್ಳೆಯದೇ, ಆದರೆ ಬೇಡ. ‘ಕೋ’ ಎಂಬುದರ ಓತ್ವದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರು ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಹೆಸರು. ಜೊತೆಗೆ ಕೆಲವು ಕೀಬೋರ್ಡ್‌ಗಳು ಅರ್ಕಾವೊತ್ತಿನ ಹತ್ತಿರ ಕಣ್ಣಿಗೆ ಕಾಣದ ಜೋಡಕವೊಂದನ್ನು ತೂರಿಸುತ್ತವೆ. ಫೈಲ್ ಕಣ್ಣೆದುರೇ ಇರುತ್ತದೆ, ಪ್ರೋಗ್ರಾಂ ಮಾತ್ರ ಇಲ್ಲ ಎನ್ನುತ್ತದೆ.

3. ದೇಶದ ಬಾಲ ಯಾರಿಗೆ ಬೇಕು?

ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದೇ ಭಾಷೆಗೆ ಬೇರೆ ದೇಶಕ್ಕಾಗಿ ಇನ್ನೊಂದು ಫೈಲನ್ನು ನಾನು ನಿಜವಾಗಿಯೂ ಬರೆಯುತ್ತೇನೆಯೇ? ಇಲ್ಲ ಎಂದಾದರೆ ಬಾಲ ಬೇಡ. ಅಮೆರಿಕದಲ್ಲಿ ಕೂತು ಕನ್ನಡ ಓದುವವರಿಗೂ ನೀವು ತೋರಿಸುವುದು ಅದೇ ಕನ್ನಡ. ಫೈಲಿಗೆ ಕೆಎನ್-ಐಎನ್ ಎಂದು ಹೆಸರಿಟ್ಟರೆ, ಫೋನಿನಲ್ಲಿ ‘ಕನ್ನಡ, ಅಮೆರಿಕ’ ಎಂದು ಇಟ್ಟುಕೊಂಡವರಿಗೆ ಕೆಲವು ಲೈಬ್ರರಿಗಳು (ಆಪ್‌ಗಳು ಬಳಸುವ ಸಿದ್ಧ ಪ್ರೋಗ್ರಾಂ ಕಟ್ಟುಗಳು) ಕನ್ನಡವನ್ನೇ ಕೊಡದೆ ಇಂಗ್ಲಿಷಿಗೆ ಜಾರಿಬಿಡುತ್ತವೆ. ಕೆಎನ್ ಎಂದಷ್ಟೇ ಇದ್ದರೆ ಎಲ್ಲರಿಗೂ ಸಿಗುತ್ತದೆ.

ತಮಿಳು ಶ್ರೀಲಂಕಾ, ಸಿಂಗಪುರದಲ್ಲೂ ಇದೆ, ಉರ್ದು ಪಾಕಿಸ್ತಾನದಲ್ಲೂ ಇದೆ. ಹಾಗೆಂದು ಕೋಲಾರದ ಮಂಡಿ ಆಪ್‌ಗೆ ಟಿಎ-ಐಎನ್, ಯುಆರ್-ಐಎನ್ ಬೇಕೇ? ಬೇಡ. ಸಿಂಗಪುರದ ಆವೃತ್ತಿ ಮಾಡುವ ದಿನ ಟಿಎ-ಎಸ್‌ಜಿ ಎಂಬ ಚಿಕ್ಕ ಫೈಲ್ ಸೇರಿಸಿ, ಬೇರೆಯಾಗುವ ಸಾಲುಗಳನ್ನಷ್ಟೇ ಅದರಲ್ಲಿ ಬರೆಯಿರಿ. ಉಳಿದದ್ದು ಟಿಎಯಿಂದ ಬರುತ್ತದೆ.

ಇಂಗ್ಲಿಷಿನ ಕಥೆ ಬೇರೆ. ಸಂಖ್ಯೆ, ತಾರೀಖು ಬರೆದುಕೊಡುವ ಲೈಬ್ರರಿಗಳ ಹಿಂದಿರುವುದು ಹೆಚ್ಚಾಗಿ ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ದತ್ತಾಂಶ. ಅದಕ್ಕೆ ಬರೀ ಕೆಎನ್ ಎಂದು ಕೊಟ್ಟರೆ ಭಾರತವೆಂದು ಅದೇ ತಿಳಿದುಕೊಳ್ಳುತ್ತದೆ. ಬರೀ ಇಎನ್ ಎಂದರೆ ಅದರ ಮಟ್ಟಿಗೆ ಅಮೆರಿಕ: ನಾವು 1,25,000 ಎಂದು ಬರೆಯುವುದನ್ನು 125,000 ಎಂದು ಬರೆಯುತ್ತದೆ, ತಾರೀಖಿನಲ್ಲಿ ತಿಂಗಳು ಮೊದಲು ಬರುತ್ತದೆ. ಏಪ್ರಿಲ್ 3ರ ಹರಾಜು 4/3 ಎಂದು ಬಂದು, ನಮ್ಮವರ ಕಣ್ಣಿಗೆ ಮಾರ್ಚ್ 4ರ ಹರಾಜಿನಂತೆ ಕಾಣುತ್ತದೆ. ಆದ್ದರಿಂದ ಇಂಗ್ಲಿಷ್ ಅನುವಾದದ ಫೈಲಿಗೆ ಇಎನ್ ಎಂದೇ ಹೆಸರಿಟ್ಟರೂ, ಸಂಖ್ಯೆ-ತಾರೀಖು ಬರೆಯುವ ಕಡೆ ಇಎನ್-ಐಎನ್ ಎಂದೇ ಕೊಡಿ. ಫೈಲಿನ ಹೆಸರೂ ಬರವಣಿಗೆಯ ಲೊಕೇಲೂ ಒಂದೇ ಆಗಿರಬೇಕೆಂಬ ಕಟ್ಟುಪಾಡಿಲ್ಲ.

4. ಲಿಪಿ: ನಮ್ಮ ಕಡೆಯ ಗಂಟು

ಮೊದಲ ಹಂತದಲ್ಲಿ ಗುರುತು ಹಾಕಿದ್ದು ಈಗ ಬೇಕು. ಬಾಗೇಪಲ್ಲಿ, ಚಿಂತಾಮಣಿ, ಮುಳಬಾಗಿಲು, ಇತ್ತ ಪಾವಗಡ, ಈ ಗಡಿ ತಾಲ್ಲೂಕುಗಳಲ್ಲಿ ಮನೆಮಾತು ತೆಲುಗಾದರೂ ಓದಿದ್ದು ಕನ್ನಡ ಶಾಲೆಯಲ್ಲಿ ಎಂಬವರು ಬೇಕಾದಷ್ಟು ಮಂದಿ. ಅವರ ಕೈಗೆ ತೆಲುಗು ಲಿಪಿಯ ಆಪ್ ಕೊಟ್ಟರೆ, “ಎಲ್ಲಾ ಸರಿ, ಒಸಿ ಓದಿ ಹೇಳಪ್ಪಾ” ಎಂದು ಪಕ್ಕದವರಿಗೆ ಫೋನ್ ಕೊಡುತ್ತಾರೆ. ಭಾಷೆ ಸೇರಿಸಿದೆವು ಎಂದು ನಾವು ಬೀಗುತ್ತೇವೆ, ಓದುವವರಿಗೆ ಅದು ಇದ್ದೂ ಇಲ್ಲ.

ಇದಕ್ಕೆ ಮಾನಕದಲ್ಲೇ ದಾರಿಯಿದೆ. ಭಾಷೆಯ ಕೋಡ್ ಆದಮೇಲೆ ನಾಲ್ಕಕ್ಷರದ ಲಿಪಿ ಕೋಡ್ ಬರಬಹುದು. ಕನ್ನಡ ಲಿಪಿ ಕೆಎನ್‌ಡಿಎ, ತೆಲುಗು ಲಿಪಿ ಟಿಇಎಲ್‌ಯು. ಕನ್ನಡ ಲಿಪಿಯಲ್ಲಿ ಬರೆದ ತೆಲುಗಿಗೆ ‘ಟಿಇ-ಕೆಎನ್‌ಡಿಎ’. ಇದು ಪೂರ್ತಿ ಕ್ರಮಬದ್ಧವಾದ ಹೆಸರು, ಯಾರೂ ಹೊಸದಾಗಿ ಕಟ್ಟಿದ್ದಲ್ಲ. ‘ತೆಲುಗು2’, ‘ಟಿಇ-ಕೋಲಾರ್’ ಎಂದೆಲ್ಲ ಹೆಸರಿಡುವ ಅಗತ್ಯವೇ ಇಲ್ಲ.

ಭಾಷೆಗೆ ಮಾಮೂಲಿಯಾದ ಲಿಪಿಯನ್ನು ಹೆಸರಿನಲ್ಲಿ ಬರೆಯಬೇಡಿ. ಕೆಎನ್-ಕೆಎನ್‌ಡಿಎ ಎಂದು ಬರೆಯುವುದು ಶಾಸ್ತ್ರಕ್ಕೆ ತಪ್ಪಲ್ಲ, ಆದರೆ ಅದರಿಂದ ಹುಟ್ಟುವುದು ಹೆಚ್ಚಿನ ಕೆಲಸವಷ್ಟೇ. ಲಿಪಿ ಬೇರೆಯಾದಾಗ ಮಾತ್ರ ಬರೆಯಿರಿ. ಉರ್ದುವಿಗೂ ಇದೇ ಮಾತು: ಬರೀ ಯುಆರ್ ಎಂದರೆ ಬಲದಿಂದ ಎಡಕ್ಕೆ ಓದುವ ಲಿಪಿಯೆಂದೇ ಅರ್ಥ, ಪರದೆಯ ಜೋಡಣೆಯೂ ಅದಕ್ಕೆ ತಕ್ಕಂತೆ ತಿರುಗಬೇಕು. ಚಿಂತಾಮಣಿಯ ಹುಡುಗರು ಉರ್ದುವನ್ನು ಕನ್ನಡ ಲಿಪಿಯಲ್ಲಿ ಕೇಳಿದರೆ ಅದು ಯುಆರ್-ಕೆಎನ್‌ಡಿಎ, ಆಗ ಎಡದಿಂದ ಬಲಕ್ಕೆ. ದಿಕ್ಕನ್ನು ಭಾಷೆ ನೋಡಿ ತೀರ್ಮಾನಿಸುವ ಪ್ರೋಗ್ರಾಂ ಇಲ್ಲಿ ಮುಗ್ಗರಿಸುತ್ತದೆ. ಲಿಪಿ ನೋಡಿ ತೀರ್ಮಾನಿಸಿ.

ಕನ್ನಡ ಅಂಕಿಗಳು ಬೇಕೆನ್ನುವವರಿಗೂ ಒಂದು ಮಾತು: ಅದಕ್ಕೆ ಬೇರೆ ಫೈಲ್ ಮಾಡಬೇಡಿ. ಸಂಖ್ಯೆ ಬರೆಯುವ ಲೈಬ್ರರಿಗೆ ‘ಕೆಎನ್-ಯು-ಎನ್‌ಯು-ಕೆಎನ್‌ಡಿಎ’ ಎಂದು ಕೊಟ್ಟರೆ ೧೨೩ ಎಂದು ಬರುತ್ತದೆ.

5. ಹೈಫನ್ನೋ ಅಂಡರ್‌ಸ್ಕೋರೋ: ಉಪಕರಣವನ್ನು ಕೇಳಿ

ಇಲ್ಲಿ ನಿಮ್ಮ ಇಷ್ಟ ನಡೆಯುವುದಿಲ್ಲ. ಬಳಸುವ ಉಪಕರಣ ಯಾವ ಹೆಸರನ್ನು ಹುಡುಕುತ್ತದೋ ಆ ಹೆಸರನ್ನೇ ಇಡಬೇಕು.

ಆಂಡ್ರಾಯ್ಡ್: ಫೋಲ್ಡರ್ ಹೆಸರು ವ್ಯಾಲ್ಯೂಸ್-ಕೆಎನ್. ದೇಶ ಸೇರಿಸುವಾಗ ಅದರ ಮುಂದೆ ಆರ್ ಎಂಬ ಅಕ್ಷರ ಬೇಕು: ವ್ಯಾಲ್ಯೂಸ್-ಇಎನ್-ಆರ್‌ಐಎನ್. ಆ ಆರ್ ಮರೆತು ಗಂಟೆಗಟ್ಟಲೆ ಹುಡುಕಿದವರನ್ನು ನೋಡಿದ್ದೇನೆ. ಲಿಪಿ ಸೇರಿಸಬೇಕಾದರೆ ರೂಪ ಇನ್ನೊಂದು: ವ್ಯಾಲ್ಯೂಸ್-ಬಿ+ಟಿಇ+ಕೆಎನ್‌ಡಿಎ.

ಐಫೋನ್: ಹೈಫನ್. ಕೆಎನ್ ಡಾಟ್ ಎಲ್‌ಪ್ರೋಜ್, ಟಿಇ-ಕೆಎನ್‌ಡಿಎ ಡಾಟ್ ಎಲ್‌ಪ್ರೋಜ್.

ಜಾವಾ, ಫ್ಲಟ್ಟರ್: ಅಂಡರ್‌ಸ್ಕೋರ್. ಮೆಸೇಜಸ್_ಕೆಎನ್, ಆಪ್_ಕೆಎನ್. ಜಾವಾದಲ್ಲಿ ಹಳೆಯ ಆವೃತ್ತಿ ಬಳಸುವವರು ಗಮನಿಸಿ: ಜಾವಾ 9ಕ್ಕಿಂತ ಮೊದಲು ಪ್ರಾಪರ್ಟೀಸ್ ಫೈಲನ್ನು ಯುಟಿಎಫ್-8 ಎಂದು ಓದುತ್ತಿರಲಿಲ್ಲ. ಹೆಸರು ಸರಿಯಿದ್ದೂ ಕನ್ನಡದ ಬದಲು ಕಸ ಕಾಣುತ್ತಿದ್ದರೆ ಕಾರಣ ಇದೇ ಇರಬಹುದು.

ಗೆಟ್‌ಟೆಕ್ಸ್ಟ್, ಲಿನಕ್ಸ್: ಅಂಡರ್‌ಸ್ಕೋರ್. ಕೆಎನ್_ಐಎನ್ ಎಂದು ಕೇಳಿದರೂ ಆ ಫೋಲ್ಡರ್ ಸಿಗದಿದ್ದಾಗ ಕೆಎನ್ ನೋಡುತ್ತದೆ. ಲಿಪಿಯನ್ನು ಬಾಲದಲ್ಲಿ ಅಟ್ ಚಿಹ್ನೆ ಹಾಕಿ ಪೂರ್ತಿ ಹೆಸರಿನಲ್ಲಿ ಬರೆಯುವುದು ಇಲ್ಲಿನ ರೂಢಿ.

ಜಾಂಗೊ: ಸೆಟ್ಟಿಂಗ್ಸ್‌ನಲ್ಲಿ ಹೈಫನ್, ಫೋಲ್ಡರ್ ಹೆಸರಿನಲ್ಲಿ ಅಂಡರ್‌ಸ್ಕೋರ್. ಹೌದು, ಒಂದೇ ಫ್ರೇಮ್‌ವರ್ಕ್‌ನಲ್ಲಿ ಎರಡೂ. ಸೆಟ್ಟಿಂಗ್ಸ್‌ನಲ್ಲಿ ಇಎನ್-ಐಎನ್, ಫೋಲ್ಡರ್ ಇಎನ್_ಐಎನ್.

ರೇಲ್ಸ್ ಮತ್ತು ಯಾಮಲ್ ಫೈಲ್ ಬಳಸುವ ಇತರ ಕಡೆ ಬೇರೆಯೇ ಒಂದು ತಮಾಷೆಯಿದೆ. ನಾರ್ವೇಜಿಯನ್ ಭಾಷೆಯ ಕೋಡ್ ಎನ್‌ಒ. ಯಾಮಲ್‌ನ ಹಳೆಯ ನಿಯಮದಲ್ಲಿ ಆ ಎರಡಕ್ಷರಕ್ಕೆ ‘ಇಲ್ಲ’ ಎಂದು ಅರ್ಥ! ಉದ್ಧರಣ ಚಿಹ್ನೆ ಹಾಕದಿದ್ದರೆ ಇಡೀ ಭಾಷೆಯೇ ‘ಸುಳ್ಳು’ ಆಗಿಬಿಡುತ್ತದೆ. ಕೋಲಾರದ ಟೊಮೆಟೊ ನಾರ್ವೆಗೆ ಹೋಗುವುದಿಲ್ಲ, ಆದರೂ ಎಲ್ಲ ಭಾಷಾ ಕೋಡ್‌ಗೂ ಉದ್ಧರಣ ಹಾಕುವ ಅಭ್ಯಾಸ ಒಳ್ಳೆಯದು.

ಉಪಕರಣ ಏನನ್ನೂ ಹೇಳದಿದ್ದರೆ, ಉದಾಹರಣೆಗೆ ವೆಬ್ ಆಪ್‌ಗೆ ನೀವೇ ಜೇಸನ್ ಫೈಲ್ ಇಡುತ್ತಿದ್ದರೆ, ಹೈಫನ್ ಆರಿಸಿ. ಎಚ್‌ಟಿಎಂಎಲ್ ಪುಟದ ಲ್ಯಾಂಗ್ ಗುರುತು, ಬ್ರೌಸರ್ ಕಳಿಸುವ ಭಾಷಾಪಟ್ಟಿ, ಜಾವಾಸ್ಕ್ರಿಪ್ಟ್‌ನ ಸಂಖ್ಯೆ-ತಾರೀಖಿನ ಸೌಕರ್ಯ, ಎಲ್ಲವೂ ಹೈಫನ್ನನ್ನೇ ಮಾತಾಡುತ್ತವೆ.

ಆಂಡ್ರಾಯ್ಡ್, ವೆಬ್, ಸರ್ವರ್ ಮೂರೂ ಇರುವವರು ಹೀಗೆ ಮಾಡಿ: ಡೇಟಾಬೇಸ್‌ನಲ್ಲಿ, ಎಪಿಐನಲ್ಲಿ ಎಲ್ಲೆಲ್ಲೂ ಬಿಸಿಪಿ 47ರ ಹೈಫನ್ ರೂಪ ಮಾತ್ರ ಇರಲಿ. ಡಿಸ್ಕಿನ ಮೇಲೆ ಆಯಾ ಉಪಕರಣ ಕೇಳುವ ರೂಪ ಇರಲಿ. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಕೆಲಸ ಒಂದೇ ಫಂಕ್ಷನ್‌ನಲ್ಲಿ ಆಗಲಿ. ಹೈಫನ್ ಕಂಡಲ್ಲೆಲ್ಲ ಅಂಡರ್‌ಸ್ಕೋರ್ ಹಾಕುವ ಸಾಲು ಹತ್ತು ಫೈಲಿನಲ್ಲಿ ಹರಡಿದ್ದರೆ, ಟಿಇ-ಕೆಎನ್‌ಡಿಎ ಬಂದ ದಿನ ಹತ್ತೂ ಕಡೆ ತೇಪೆ ಹಾಕಬೇಕಾಗುತ್ತದೆ.

6. ಚಿಕ್ಕಕ್ಷರ, ದೊಡ್ಡಕ್ಷರ

ರೂಢಿ ಹೀಗೆ: ಭಾಷೆ ಪೂರ್ತಿ ಚಿಕ್ಕಕ್ಷರ, ಲಿಪಿಯ ಮೊದಲ ಅಕ್ಷರ ಮಾತ್ರ ದೊಡ್ಡದು, ದೇಶ ಪೂರ್ತಿ ದೊಡ್ಡಕ್ಷರ. ಮಾನಕದ ಪ್ರಕಾರ ಹೇಗೆ ಬರೆದರೂ ಅರ್ಥ ಒಂದೇ. ಆದರೆ ಫೈಲ್ ಹುಡುಕುವುದು ಮಾನಕವಲ್ಲವಲ್ಲ, ಆಪರೇಟಿಂಗ್ ಸಿಸ್ಟಂ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಚಿಕ್ಕದು ದೊಡ್ಡದು ಎಂದು ಭೇದ ಮಾಡುವುದಿಲ್ಲ, ಲಿನಕ್ಸ್ ಮಾಡುತ್ತದೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ನಡೆದದ್ದು ಸರ್ವರ್‌ಗೆ ಹೋದ ಕೂಡಲೇ ಇಂಗ್ಲಿಷ್ ತೋರಿಸಿದರೆ ಮೊದಲು ನೋಡಬೇಕಾದದ್ದು ಇದನ್ನು.

ಫೈಲುಗಳ ಬದಲಾವಣೆಯ ದಾಖಲೆ ಇಡುವ ಗಿಟ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ವಿಂಡೋಸ್‌ನಲ್ಲಿ ಕೂತು ಹೆಸರಿನ ಚಿಕ್ಕಕ್ಷರ-ದೊಡ್ಡಕ್ಷರವನ್ನಷ್ಟೇ ಬದಲಿಸಿದರೆ ಗಿಟ್‌ಗೆ ಅದು ಬದಲಾವಣೆಯಾಗಿ ಕಾಣದೇ ಇರಬಹುದು. ‘ಗಿಟ್ ಎಂವಿ’ ಆಜ್ಞೆಯಿಂದ ಮೊದಲು ಯಾವುದಾದರೂ ತಾತ್ಕಾಲಿಕ ಹೆಸರಿಗೆ, ಅಲ್ಲಿಂದ ಸರಿಯಾದ ಹೆಸರಿಗೆ, ಹೀಗೆ ಎರಡು ಹೆಜ್ಜೆಯಲ್ಲಿ ಬದಲಿಸಿ.

7. ಸಿಗದಿದ್ದರೆ ಎಲ್ಲಿಗೆ?

ಕೇಳಿದ ಫೈಲಿನಲ್ಲಿ ಒಂದು ಸಾಲು ಇಲ್ಲದಿದ್ದರೆ ಮುಂದೆ ಯಾವ ಫೈಲ್ ನೋಡಬೇಕು ಎಂಬ ಸಾಲುಕ್ರಮಕ್ಕೆ ಫಾಲ್‌ಬ್ಯಾಕ್ ಎನ್ನುತ್ತಾರೆ. ಹೆಚ್ಚಿನ ಲೈಬ್ರರಿಗಳು ಹೆಸರಿನ ಬಾಲವನ್ನು ಒಂದೊಂದೇ ಕತ್ತರಿಸುತ್ತಾ ಹೋಗುತ್ತವೆ: ಇಎನ್-ಐಎನ್ ಇಲ್ಲವೇ, ಇಎನ್ ನೋಡು. ದೇಶದ ಬಾಲಕ್ಕೆ ಇದು ಸರಿ.

ಲಿಪಿಯ ಬಾಲಕ್ಕೆ ಇದೇ ಮುಳುವಾಗುತ್ತದೆ. ಟಿಇ-ಕೆಎನ್‌ಡಿಎ ಫೈಲಿನಲ್ಲಿ ‘ಇಂದಿನ ರೇಟು’ ಎಂಬ ಸಾಲು ಬಿಟ್ಟುಹೋಗಿದೆ ಅನ್ನಿ. ಬಾಲ ಕತ್ತರಿಸಿದರೆ ಟಿಇ, ಅಂದರೆ ತೆಲುಗು ಲಿಪಿ. ಯಾವ ಲಿಪಿ ಓದಲು ಬರುವುದಿಲ್ಲವೆಂದು ಇಷ್ಟೆಲ್ಲ ಮಾಡಿದೆವೋ ಅದೇ ಪರದೆಯ ಮಧ್ಯದಲ್ಲಿ ಬಂದು ಕೂರುತ್ತದೆ. ಆದ್ದರಿಂದ ಟಿಇ-ಕೆಎನ್‌ಡಿಎಗೆ ಮುಂದಿನ ಫೈಲ್ ಕೆಎನ್ ಎಂದು ನೀವೇ ಕೈಯಾರೆ ಬರೆಯಬೇಕು. ಮಾತು ಬದಲಾದರೂ ಓದಲಿಕ್ಕಂತೂ ಬರುತ್ತದೆ, ಕನ್ನಡ ಗೊತ್ತಿರುವವರೇ ತಾನೆ. ಬಹುತೇಕ ಲೈಬ್ರರಿಗಳಲ್ಲಿ ಇದಕ್ಕೊಂದು ಸೆಟ್ಟಿಂಗ್ ಇರುತ್ತದೆ. ಬರೆದ ಮೇಲೆ, ಬೇಕೆಂದೇ ಒಂದು ಸಾಲನ್ನು ಅಳಿಸಿ ಏನು ಬರುತ್ತದೆ ಎಂದು ಕಣ್ಣಾರೆ ನೋಡಿ.

8. ಈಗಾಗಲೇ ತಪ್ಪು ಹೆಸರಿಟ್ಟವರಿಗೆ

ಫೈಲಿನ ಹೆಸರು ಬದಲಿಸುವುದು ಐದು ನಿಮಿಷದ ಕೆಲಸ. ಕಷ್ಟವಿರುವುದು ಹಳೆಯ ಹೆಸರು ಉಳಿದುಕೊಂಡಿರುವ ಮಿಕ್ಕ ಜಾಗಗಳಲ್ಲಿ: ಡೇಟಾಬೇಸ್‌ನ ಬಳಕೆದಾರರ ಕೋಷ್ಟಕ, ಫೋನಿನಲ್ಲಿ ಉಳಿಸಿದ ಆಯ್ಕೆ, ಯಾರೋ ವಾಟ್ಸಾಪ್‌ನಲ್ಲಿ ಹಂಚಿಕೊಂಡ ಲಿಂಕ್. ಮೊದಲು ಹಳೆಯ ಕೋಡ್ ಬಂದರೆ ಹೊಸದೆಂದು ಓದಿಕೊಳ್ಳುವ ಸಾಲನ್ನು 5ನೇ ಹಂತದಲ್ಲಿ ಹೇಳಿದ ಆ ಒಂದೇ ಫಂಕ್ಷನ್‌ಗೆ ಸೇರಿಸಿ, ಅದನ್ನು ಬಿಡುಗಡೆ ಮಾಡಿ. ಆಮೇಲೆ ಫೈಲ್ ಹೆಸರು ಬದಲಿಸಿ, ಕೊನೆಗೆ ಡೇಟಾಬೇಸ್ ತಿದ್ದಿ. ಈ ಕ್ರಮ ತಪ್ಪಿದರೆ ನಡುವಿನ ಅವಧಿಯಲ್ಲಿ ಆಪ್ ತೆರೆದವರಿಗೆಲ್ಲ ಇಂಗ್ಲಿಷ್ ಕಾಣುತ್ತದೆ, ಆಪ್‌ನಿಂದ ಕನ್ನಡವನ್ನೇ ತೆಗೆದುಬಿಟ್ಟಿರಾ ಎಂದು ನಿಮಗೆ ಫೋನ್ ಬರುತ್ತದೆ.

ಕೆಎ ಬಂದರೆ ಕೆಎನ್ ಎಂದು ಓದುವ ಆ ಸಾಲನ್ನು ಬೇಗ ತೆಗೆಯಬೇಡಿ, ಹಳ್ಳಿಗಳಲ್ಲಿ ಆಪ್ ಅಪ್‌ಡೇಟ್ ಆಗುವುದು ನಿಧಾನ. ಪಕ್ಕದಲ್ಲೊಂದು ಕಾಮೆಂಟ್ ಮಾತ್ರ ಬರೆದಿಡಿ: ‘ಹಿಂದಿನ ತಪ್ಪಿಗಾಗಿ ಇದೆ, ಜಾರ್ಜಿಯನ್ ಸೇರಿಸುವ ದಿನ ತೆಗೆಯಬೇಕು.’